ಡ್ರೈವರ್ ಸೀಟು ಜಾರಿದ್ದು

ಕೊಪಕಬಾನಾ, ಸರೋವರದ ದಡ
ಮೇ ೧೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಸಾತುರ್ನಿನೋ,

ಹೇಗಿದ್ದೀಯ? ಗಾಯ ಪೂರ್ತಿ ಒಣಗಿತೇ? ಇಲ್ಲದ ಪಾದದ ಹೆಬ್ಬೆರಳು ಇನ್ನೂ ತುರಿಸುತ್ತದೆಯೇ? ಹೊಸ ಕಾಲು ಕಟ್ಟಿಕೊಂಡು ಆಸ್ಪತ್ರೆಯ ಕಾರಿಡಾರಿನ ಕೊನೆಯ ಕಿಟಕಿಯವರೆಗೆ ಹೋಗಿಬಂದೆಯೆಂದು ನರ್ಸ್ ಹೇಳಿದಳು, ನೀನು ಹೇಳಲಿಲ್ಲ. ಫೋನಿನಲ್ಲಿ ನಿನ್ನದು "ಹ್ಞೂಂ", "ಆಯ್ತು" ಎಂಬ ಎರಡೇ ಮಾತಿನ ಸಂಸಾರ. ಈ ಕಡೆ ನಿನ್ನ ಅಮ್ಮ ನನ್ನ ಭುಜಕ್ಕೇ ಕಿವಿ ಹಚ್ಚಿಕೊಂಡು ನಿಂತಿರುತ್ತಾರೆ. ಅದಕ್ಕೇ ಈ ಕಾಗದ. ಮಿನಿಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಯಲ್ಲಿ ಹುರಿದ ಅವರೆ, ಉಣ್ಣೆಯ ಕಾಲುಚೀಲ ಇವೆ. ಎರಡು ಕಾಲುಚೀಲ ಹೆಣೆದು ಮುಗಿಸಿದ ಮೇಲೆ ಅಮ್ಮ ಒಂದನ್ನು ಪಕ್ಕಕ್ಕೆ ತೆಗೆದಿಟ್ಟರು. ಆಮೇಲೆ "ಇರ್ಲಿ ಬಿಡು, ಒಂದು ಒದ್ದೆಯಾದ್ರೆ ಇನ್ನೊಂದು" ಅಂದು ಎರಡನ್ನೂ ಮಡಿಸಿಟ್ಟರು.

ಕಳೆದ ವಾರ ನೀನು ಎಂದಿಗಿಂತ ಹೆಚ್ಚು ಮಾತಾಡಿದೆ, ಆಡಿದ್ದು ಇಷ್ಟು: "ಗಾಡಿ ಆ ರುಫಿನೋಗೆ ಮಾರಿಬಿಡು, ಕೇಳ್ತಿದ್ನಲ್ಲ. ಕ್ಲಚ್ ಒತ್ತೋ ಕಾಲೇ ಇಲ್ದೋನಿಗೆ ಅದ್ಯಾಕೆ." ಅದಕ್ಕೆ ನಾನು, ಸೀಟು ಸಡಿಲವಾಗಿದೆ, ರಿಪೇರಿಯಾಗದೆ ಯಾರಿಗೂ ಕೊಡುವುದು ಸರಿಯಲ್ಲ ಎಂದು ಮಾತು ತೇಲಿಸಿದೆ. ನೆಪವೆಂದು ನೀನು ತಿಳಿದಿರಬಹುದು. ನೆಪವೂ ಹೌದು, ಆದರೆ ಸುಳ್ಳಲ್ಲ. ಆ ಸೀಟಿನ ಕಥೆಯನ್ನು ಈಗ ಪೂರ್ತಿ ಹೇಳುತ್ತೇನೆ, ಕೇಳು.

ನೀನು ಆಸ್ಪತ್ರೆಯಲ್ಲಿದ್ದಾಗಲೇ ಪಿಕಪ್ ಬಂತಲ್ಲ, ನೀನಿಲ್ಲದೆಯೇ ಅದನ್ನು ಬೆಸಿಲಿಕಾ ಚರ್ಚಿನ ಮುಂದೆ ನಿಲ್ಲಿಸಿ ಹರಸಿಸಿದೆವು. ಹೂವಿನ ಹಾರ, ಕಾಗದದ ಚೂರು, ಪಟಾಕಿ, ಪಾದ್ರಿಯ ಬಕೀಟು ನೀರು, ಯಾವುದಕ್ಕೂ ಕೊರತೆಯಾಗಲಿಲ್ಲ. ಕೊರತೆಯಾದದ್ದು ನೆಲದ ತಾಯಿಗೆಂದು ಚಕ್ರಗಳಿಗೆ ಸುರಿಯುವ ಬೀರಿಗೆ. ವಾಪಸು ಓಡಿಸಬೇಕಾದವಳು ನಾನು, ವಾಸನೆಗೇ ತಲೆ ತಿರುಗುತ್ತದೆಂದು ಮುಂದಿನ ಚಕ್ರಗಳಿಗೆ ಬೀರು ಸುರಿದು ಹಿಂದಿನವಕ್ಕೆ ಸೋಡಾ ಸುರಿದುಬಿಟ್ಟೆ. ಮನೆಗೆ ಬರುವ ದಾರಿಯಲ್ಲೇ ಸೀಟು ನನ್ನನ್ನು ಹೊತ್ತುಕೊಂಡು ಹಿಂದಕ್ಕೂ ಮುಂದಕ್ಕೂ ತೂಗತೊಡಗಿತು. ಬ್ರೇಕ್ ಒತ್ತಿದರೆ ಸ್ಟಿಯರಿಂಗನ್ನು ತಬ್ಬುವಷ್ಟು ಮುಂದೆ, ಏರು ಸಿಕ್ಕರೆ ತುದಿಗಾಲಿಗೂ ಕ್ಲಚ್ ಸಿಗದಷ್ಟು ಹಿಂದೆ. ಅಮ್ಮ ಪಕ್ಕದಲ್ಲಿ ಹ್ಯಾಟು ಹಿಡಿದುಕೊಂಡು ಕೂತಿದ್ದರು. "ಅಲ್ಲ ಕಣೇ ಟೀಚರಮ್ಮ, ಬೀರು ಕುಡಿಸೋ ಕಡೆ ಸೋಡಾ ಕುಡಿಸಿದ್ರೆ ಗಾಡಿಗೆ ಹೊಟ್ಟೆ ಕೆಡದೆ ಇನ್ನೇನಾಗುತ್ತೆ?" ಎಂದರು. ಪುಸ್ತಕ ಓದಿ ಓದಿ ನನಗೆ ನೆಲದ ತಾಯಿಯ ಬಾಯಾರಿಕೆ ಗೊತ್ತಾಗುವುದಿಲ್ಲವಂತೆ.

ಮೆಕ್ಯಾನಿಕ್ ದೋನ್ ಫೆರ್ಮೀನ್ ಎರಡು ಸಲ ಬಂದ. ಸೀಟಿನ ಕೆಳಗೆ ಕೈ ಹಾಕಿ ಬೋಲ್ಟುಗಳನ್ನೆಲ್ಲ ಬಿಗಿದ, ಕೂತು ಕುಣಿದು ನೋಡಿದ, ನಮ್ಮ ಅಂಗಳದ ಸಮನೆಲದಲ್ಲಿ ಸೀಟು ಸಾಧುವಿನ ಹಾಗೆ ಕದಲದೆ ಕೂತಿತು. "ಸೀಟು ಸರಿಯಾಗಿದೆ ಪ್ರೊಫೆಸೋರಾ, ನೀವೇ ಸ್ವಲ್ಪ ಹೆದರಿದೀರ" ಎಂದು ಚಹಾ ಕುಡಿದು ಹೋದ. ನಾನೂ ನಂಬಿಬಿಟ್ಟೆ ನೋಡು. ನೀನು ಕೂರಬೇಕಾದ ಕಡೆ ನಾನು ಕೂತದ್ದಕ್ಕೆ ಒಳಗಿನ ಅಳುಕೇ ಹೀಗೆ ಅಲ್ಲಾಡುತ್ತಿರಬಹುದು ಎಂದುಕೊಂಡೆ. ಕವಿತೆ ಓದುವವರ ಕರ್ಮ ಇದು, ಬೋಲ್ಟಿನಲ್ಲೂ ಅರ್ಥ ಹುಡುಕುತ್ತೇವೆ. ಸೊಂಟಕ್ಕೊಂದು ದಿಂಬು ಕೊಟ್ಟುಕೊಂಡು ಶಾಲೆ ಬಿಟ್ಟ ಮೇಲೆ ಹತ್ತಿರದ ಹಳ್ಳಿಗಳಿಂದ ಆಲೂಗಡ್ಡೆ ಸಂತೆಗೆ ತಂದು ಹಾಕುತ್ತಿದ್ದೆ. ಆದರೆ ಮನಸ್ಸು ಇದ್ದದ್ದು ಒಂದೇ ಕಡೆ. ನಿನ್ನನ್ನು ಬಿಡುಗಡೆ ಮಾಡುವ ದಿನ ಮಿನಿಬಸ್ಸಿನಲ್ಲಿ ಮೂಟೆಗಳ ನಡುವೆ ಕೂರಿಸಿ ತರಬಾರದು, ನಮ್ಮ ಗಾಡಿಯಲ್ಲೇ ತರಬೇಕು. ಅಂದರೆ ತಿಕೀನಾದಲ್ಲಿ ಸರೋವರದ ಜಲಸಂಧಿ ದಾಟಬೇಕು, ಗಾಡಿಯನ್ನು ತೆಪ್ಪಕ್ಕೆ ಹತ್ತಿಸಬೇಕು, ಇಳಿಸಬೇಕು. ನಿನ್ನ ಕಾಲು ತೆಪ್ಪಕ್ಕೂ ಕಟ್ಟೆಗೂ ನಡುವೆ ಸಿಕ್ಕ ಜಾಗ ಅದೇ. ನಿನಗೆ ಹೇಳದೆ, ಅಮ್ಮನಿಗೂ ಹೇಳದೆ, ಶನಿವಾರ ಒಬ್ಬಳೇ ಅಭ್ಯಾಸಕ್ಕೆ ಹೋದೆ.

ಹತ್ತುವಾಗ ಹಲಗೆಯ ಮೇಲೆ ಸೀಟು ಸ್ವಲ್ಪವೇ ಮಿಸುಕಿತು, ಹಲ್ಲು ಕಚ್ಚಿಕೊಂಡೆ. ನೀರಿನ ಮೇಲಿರುವಷ್ಟು ಹೊತ್ತು ಚೆನ್ನಾಗಿಯೇ ಇತ್ತು. ಬೆಳಕು ಅಲೆಗಳ ಮೇಲೆ ಮುರಿದುಬೀಳುವುದನ್ನು ನೋಡುತ್ತಾ ನಿನಗೆ ಓದಿಹೇಳಬೇಕಾದ ಸಾಲೊಂದನ್ನು ನೆನಪಿಸಿಕೊಳ್ಳುತ್ತಿದ್ದೆ. ಆಚೆ ದಡದಲ್ಲಿ ಏರಿನ ಮೇಲೆ ಕ್ಲಚ್ ಬಿಡಬೇಕು ಅನ್ನುವಷ್ಟರಲ್ಲಿ ಸೀಟು ಟಕ್ ಎಂದು ಪೂರ್ತಿ ಹಿಂದೆ ಜಾರಿತು. ನನ್ನ ಎರಡು ಕಾಲೂ ಗಾಳಿಯಲ್ಲಿ. ಎಂಜಿನ್ ನಿಂತಿತು, ಗಾಡಿ ನೀರಿನ ಕಡೆಗೆ ಉರುಳಿತು. ತೆಪ್ಪದವನು ಮರದ ಕೊರಡು ತಂದು ಚಕ್ರಕ್ಕೆ ಅಡ್ಡ ಕೊಡದಿದ್ದರೆ ಈ ಕಾಗದ ಬೇರೆ ಯಾರೋ ಬರೆಯಬೇಕಾಗುತ್ತಿತ್ತು. ಕೊರಡು ಕೊಟ್ಟವನು ಬೈದದ್ದು ಹೀಗೆ: "ಏನಮ್ಮಾ, ಸರೋವರದಲ್ಲಿ ಮೀನು ಕಮ್ಮಿಯಾಗಿದೆ ಅಂತ ಗಾಡಿ ಬಿಡೋಕೆ ಬಂದ್ಯಾ?" ನಾನು ನಗುತ್ತಾ ಅತ್ತೆನೋ ಅಳುತ್ತಾ ನಕ್ಕೆನೋ ಗೊತ್ತಿಲ್ಲ. ಅವನೇ ಗಾಡಿ ಮೇಲೆ ಹತ್ತಿಸಿ ಕೊಟ್ಟ, ವಾಪಸು ದಾಟಿಸಿಯೂ ಕೊಟ್ಟ.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅಮ್ಮ ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಚಾಕು, ಆಲೂಗಡ್ಡೆ ಎಲ್ಲ ಕೆಳಗಿಟ್ಟು, ಐದು ಲಂಗಗಳ ಸಮೇತ ಅಂಗಳದಲ್ಲಿ ಮೊಣಕಾಲೂರಿ, ಗಾಡಿಯ ಬಾಗಿಲು ತೆಗೆದು ಸೀಟಿನ ಕೆಳಗೆ ತೋಳು ತೂರಿಸಿದರು. ಫೆರ್ಮೀನನ ಕೈ ತಲುಪದಷ್ಟು ಒಳಗಿನಿಂದ ಬಹಳ ಹೊತ್ತು ಎಳೆದರು. ಹೊರಗೆ ಬಂದದ್ದು ಬಣ್ಣದ ಉಣ್ಣೆ ಸುತ್ತಿ ತಂತಿ ಬಿಗಿದ ನಿನ್ನ ತಗಡಿನ ಗಾಡಿ. ಹೋದ ವರ್ಷದ ಆಗಸ್ಟ್ ಹಬ್ಬದಲ್ಲಿ ಕಾಲ್ವಾರಿಯೋ ಗುಡ್ಡ ಹತ್ತಿ, ಚಿಕ್ಕದು ಕೊಂಡರೆ ದೊಡ್ಡದು ತಾನಾಗಿ ಬರುತ್ತದೆಂದು ನೀನು ಚೌಕಾಸಿಯನ್ನೂ ಮಾಡದೆ ಕೊಂಡ ಪುಟಾಣಿ ಪಿಕಪ್. ಹರಸಿದ ದಿನವೇ ಅಮ್ಮ ಅದನ್ನು ಅಲ್ಲಿ ಸೇರಿಸಿದ್ದರಂತೆ. ಬೇರೆಯವರಾದರೆ ಡ್ಯಾಶ್‌ಬೋರ್ಡಿನ ಮೇಲಿಡುತ್ತಾರೆ. ಅಮ್ಮ ಸೀಟನ್ನು ನಿನ್ನ ಕಾಲಿನ ಉದ್ದಕ್ಕೆ ಹಿಂದೆ ತಳ್ಳಿ, ಅದು ಅಲ್ಲೇ ಇರಲೆಂದು ಜಾರುವ ಹಳಿಯೊಳಗೇ ಅಡ್ಡಕ್ಕೆ ಸಿಕ್ಕಿಸಿಬಿಟ್ಟಿದ್ದರು. ನಾನು ಗಿಡ್ಡಿ, ಪ್ರತಿ ಸಲ ಸೀಟು ಮುಂದೆ ಎಳೆದುಕೊಳ್ಳುತ್ತಿದ್ದೆ. ಒಂದು ಕಡೆಯ ಕೊಕ್ಕೆ ಹಳಿಯನ್ನು ಕಚ್ಚುತ್ತಿತ್ತು, ಇನ್ನೊಂದು ಕಡೆಯದು ನಿನ್ನ ತಗಡಿನ ಗಾಡಿಯನ್ನು ಕಚ್ಚುತ್ತಿತ್ತು.

"ಅವನು ಇನ್ನೂ ಕೂತೇ ಇರ್ಲಿಲ್ವಲ್ಲೇ" ಎಂದರು ಅಮ್ಮ. ಇನ್ನೂ ಮೊಣಕಾಲ ಮೇಲೇ ಇದ್ದರು. "ಅವನು ಮುಟ್ಟಿದ್ದು ಏನಾದ್ರೂ ಒಂದು ಆ ಜಾಗದಲ್ಲಿರ್ಲಿ ಅಂತ. ಬೇರೆಯೋರು ಕೂತು ಕೂತು ಸೀಟು ನನ್ನ ಮಗನ್ನ ಮರೆತುಬಿಡಬಾರ್ದು ಅಂತ." ಆ ಬೇರೆಯವರೆಂದರೆ ನಾನೇ ತಾನೆ. ನೀರಿಗುರುಳುತ್ತಿದ್ದವಳು ನಾನು ಎಂಬುದು ಅವರಿಗೆ ಆಗ ಪೂರ್ತಿ ಇಳಿದಿರಬೇಕು, ನನ್ನ ಕಾಲು ಹಿಡಿದು ಎರಡು ಮೊಣಕಾಲನ್ನೂ ಒತ್ತಿ ಒತ್ತಿ ನೋಡಿದರು, ಮುರಿದಿದೆಯೇನೋ ಎಂಬಂತೆ. ಮದುವೆಯಾದಾಗಿನಿಂದ ಅವರು ನನ್ನನ್ನು ಅಷ್ಟು ಹೊತ್ತು ಮುಟ್ಟಿದ್ದು ಅದೇ ಮೊದಲು. ಇದನ್ನು ಹಿಡಿದುಕೊಂಡು ನೀನು ಅವರಿಗೆ ಒಂದು ಮಾತೂ ಅನ್ನಬೇಡ. ನಮ್ಮಲ್ಲಿ ಯಾರಿಗೂ ನಿನ್ನ ಖಾಲಿ ಜಾಗವನ್ನು ಏನು ಮಾಡಬೇಕೆಂದು ತಿಳಿದಿರಲಿಲ್ಲ. ನಾನು ಅದರ ಮೇಲೆ ದಿಂಬಿಟ್ಟೆ, ಅವರು ಅದರ ಕೆಳಗೆ ಆಟಿಕೆಯಿಟ್ಟರು.

ಹೊರಗೆ ಮಿನಿಬಸ್ಸಿನವನು ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ರಾತ್ರಿ ಹಿಮ ಚೆನ್ನಾಗಿ ಬೀಳುತ್ತಿದೆ, ಈ ಸಲ ಹಿಮಕ್ಕೂ ಬಿಸಿಲಿಗೂ ಹರವಿಟ್ಟ ಚೂನ್ಯೋ ಆಲೂಗಡ್ಡೆ ಒಳ್ಳೆಯದಾಗಿ ಒಣಗುತ್ತದೆ. ಆಸ್ಪತ್ರೆಯ ಸಾರು ರುಚಿಯಿಲ್ಲದಿದ್ದರೂ ಕುಡಿ. ವ್ಯಾಯಾಮ ತಪ್ಪಿಸಬೇಡ. ನಿನ್ನ ಕಿಟಕಿಯಿಂದ ಕಾಣುವ ಇಯಿಮಾನಿ ಬೆಟ್ಟ ನಿನ್ನನ್ನು ಕಾಯಲಿ. ಅಮ್ಮ ನಿನ್ನ ಹಣೆಗೆ ಮುತ್ತಿಡಲು ಹೇಳಿದ್ದಾರೆ. ನಾನು ಎಲ್ಲಿಗೆ ಎಂದು ಬರೆಯುವುದಿಲ್ಲ, ಮಿನಿಬಸ್ಸಿನವನು ಓದುತ್ತಾನೆ.

ನಿನ್ನವಳೇ,
ಒರ್ಟೆನ್ಸಿಯಾ

ಮರೆತಿದ್ದೆ — ಕೊಕ್ಕೆಯ ಹಲ್ಲುಗಳು ಸವೆದುಹೋಗಿವೆ. ಹೊಸ ಹಳಿ ಬರುವವರೆಗೆ ಸೀಟನ್ನು ಒಂದೇ ಕಡೆ ಬೋಲ್ಟು ಹಾಕಿ ಕೂರಿಸಬಹುದು, ಆಮೇಲೆ ಹಿಂದೆಮುಂದೆ ಮಾಡಲಾಗದು ಎಂದ ಫೆರ್ಮೀನ್. "ಯಾರ ಕಾಲಿಗೆ ಬಿಗೀಲಿ?" ಎಂದು ಕೇಳಿದ. ಅಮ್ಮನೇ ಹೇಳಿದರು: "ಓಡಿಸೋಳ ಕಾಲಿಗೆ ಬಿಗಿಯಪ್ಪಾ, ಅದನ್ನೂ ಕೇಳ್ಬೇಕಾ? ನನ್ನ ಮಗ ಪಕ್ಕದಲ್ಲಿ ಕೂರ್ತಾನೆ. ಅವರಪ್ಪನೂ ಕತ್ತೆ ಪಕ್ಕದಲ್ಲೇ ನಡೀತಿದ್ದ, ಒಂದಿನ ಮೇಲೆ ಹತ್ತಿದೋನಲ್ಲ." ಹಾಗಾಗಿ ಸೀಟು ಈಗ ನನ್ನ ಅಳತೆಗೆ ಕೂತಿದೆ. ನಿನ್ನೆ ರುಫಿನೋ ಬಂದು ಕೂತು ನೋಡಿದ. ಮೊಣಕಾಲು ಗದ್ದಕ್ಕೆ ತಾಗಿತು, ಬೇಡವೆಂದು ಎದ್ದುಹೋದ. ಮಾರುವ ಮಾತು ಇನ್ನು ಎತ್ತಬೇಡ. ಶುಕ್ರವಾರ ನಾನೇ ಬಂದು ನಿನ್ನನ್ನು ಕರೆತರುತ್ತೇನೆ. ಪಕ್ಕದ ಸೀಟನ್ನು ಸರಿಸಬಹುದು, ಅದನ್ನು ಪೂರ್ತಿ ಹಿಂದೆ ತಳ್ಳಿಟ್ಟಿದ್ದೇನೆ. ಎರಡೂ ಕಾಲು ಚಾಚಿ ಕೂರು, ಹಳೆಯದನ್ನೂ ಹೊಸದನ್ನೂ.