ಆರುನೂರು ಎಂದರೆ ಎಷ್ಟು ನೀರು?

ಅಣೆಕಟ್ಟಿನ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ, ನೀವು ನೀರಿನ ಅಳತೆ ಬದಲಿಸಿದಿರಿ. ನನ್ನ ಅಣ್ಣ ಮುಳುಗಿ ಸಾಯುವುದರಲ್ಲಿದ್ದ. ಎರಡಕ್ಕೂ ಸಂಬಂಧವಿಲ್ಲ ಎನ್ನುತ್ತಿದೆ ನಿಮ್ಮ ಕಚೇರಿ. ಇದೆ ಎನ್ನಲು ಈ ಪತ್ರ.

ಇಷ್ಟು ವರ್ಷ ನಿಮ್ಮ ಜೀಪು ನಮ್ಮ ಕೆಳದಂಡೆಗೆ ಬಂದು, ಸೆಕೆಂಡಿಗೆ ಇಷ್ಟು ಸಾವಿರ ಘನ ಅಡಿ ನೀರು ಬಿಡುತ್ತೇವೆ ಎಂದು ಮೈಕಿನಲ್ಲಿ ಕೂಗುತ್ತಿತ್ತು. ಘನ ಅಡಿ ಎಂದರೇನೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಅಂಕಿ ಗೊತ್ತಿತ್ತು. ಹತ್ತು ಸಾವಿರ ಎಂದರೆ ಬಟ್ಟೆ ಒಗೆಯುವ ಕಲ್ಲು ಮುಳುಗುತ್ತದೆ. ಇಪ್ಪತ್ತು ಸಾವಿರ ಎಂದರೆ ದೋಣಿಯನ್ನು ರಸ್ತೆಗೆ ಎಳೆದಿಡಬೇಕು. ಈ ಮಳೆಗಾಲ ತಾವು ಹೇಳದೆ ಕೇಳದೆ ಘನ ಮೀಟರಿಗೆ ಬಡ್ತಿ ಪಡೆದಿರಿ. ಜೀಪು ಬಂದು "ಆರುನೂರು" ಎಂದಿತು.

ದಡದಲ್ಲಿ ತನ್ನ ದೋಣಿಗೆ ಟಾರು ಬಳಿಯುತ್ತಿದ್ದ ಅಣ್ಣ ನಕ್ಕುಬಿಟ್ಟ. "ಸಾವಿರಾನೂ ಇಲ್ವಲ್ಲೇ! ಇಷ್ಟಕ್ಕೆ ಪಾದಾನೂ ನೆನೆಯಲ್ಲ. ಹೋಗು, ಟೀ ಇಡು." ನಾನು ಟೀ ಸೋಸುವಷ್ಟರಲ್ಲಿ ದೋಣಿ ಕೊಚ್ಚಿಹೋಗಿತ್ತು. ಅಣ್ಣ ದೋಣಿ ಕಟ್ಟುವ ಕಂಬ ತಬ್ಬಿಕೊಂಡು ನನ್ನನ್ನು ಕೂಗುತ್ತಿದ್ದ. ಅಕ್ಕಪಕ್ಕದವರು ಹಗ್ಗ ಎಸೆದು ಎಳೆದುಕೊಂಡರು. ಭುಜದ ಕೀಲು ತಪ್ಪಿತು, ಜೀವ ಉಳಿಯಿತು.

ಕಚೇರಿಗೆ ಬಂದು ಕೇಳಿದರೆ ನಿಮ್ಮ ಸಹಾಯಕರು ಕುರ್ಚಿ ಕೊಟ್ಟು, ಬಲು ಮರ್ಯಾದೆಯಿಂದಲೇ ಹೇಳಿದರು: "ನೋಡೀಮ್ಮಾ, ಈಗ ಎಲ್ಲಾ ಕಡೆ ಇದೇ ಅಳತೆ. ಮೂವತ್ತೈದರಿಂದ ಗುಣಿಸ್ಕೊಂಡ್ರೆ ನಿಮ್ಮ ಹಳೇ ಲೆಕ್ಕ ಸಿಗುತ್ತೆ." ಸಿಕ್ಕಿತು ಸ್ವಾಮಿ, ಇಪ್ಪತ್ತೊಂದು ಸಾವಿರ! ನದಿ ಬೆನ್ನಟ್ಟಿ ಬರುವಾಗ ಮಗ್ಗಿ ಹೇಳುತ್ತಾ ಓಡಬೇಕೆ? ನಿಮ್ಮ ಅಂಕಿ ಇಳಿಯಿತೆಂದು ನೀರೂ ಇಳಿಯಿತೇ? ಘನ ಮೀಟರಿನ ಮೇಲೆ ನನಗೆ ಹಗೆಯಿಲ್ಲ. ಟೈಲರ್ ನಾನು, ಇಂಚೂ ಗೊತ್ತು, ಸೆಂಟಿಮೀಟರೂ ಗೊತ್ತು. ಆದರೆ ಗಿರಾಕಿಗೆ ಹೇಳದೆ ಟೇಪು ಬದಲಿಸಿ ಬಟ್ಟೆಗೆ ಕತ್ತರಿ ಹಾಕುವುದಿಲ್ಲ.

ಮೊನ್ನೆ ಮತ್ತೆ ಜೀಪು ಬಂತು: "ನಾನೂರು." ಗುಣಿಸಿದೆ, ಹದಿನಾಲ್ಕು ಸಾವಿರ! ದಡಕ್ಕೆ ಓಡಿದೆ. ಆಚೆ ದಡದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕೂಗಿದೆ, ಕೇಳಿಸಲಿಲ್ಲ. ಎರಡೂ ಕೈ ಬೀಸಿದೆ. ಅವರೂ ನಗುತ್ತಾ ಕೈ ಬೀಸಿದರು. ನೀರು ಸೊಂಟಕ್ಕೆ ಬಂದಾಗ ಬಟ್ಟೆ ಬಿಟ್ಟು ಓಡಿ ಬದುಕಿಕೊಂಡರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಯಾವ ಗಾಡಿಯ ಸದ್ದಾದರೂ ಹೊಲಿಗೆ ಬಿಟ್ಟು ಬಾಗಿಲಿಗೆ ಓಡುತ್ತೇನೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಗೇಟು ಎತ್ತುವ ಮೊದಲು ಎರಡೂ ಅಳತೆ ಹೇಳಿ. ಯಾವ ದಡದಲ್ಲಿ ಏನೇನು ಮುಳುಗುತ್ತದೆಂದೂ ಹೇಳಿ. ಅದೂ ಆಗದಿದ್ದರೆ ಅಂಕಿಯೇ ಬೇಡ. ಮೈಕಿನಲ್ಲಿ "ಓಡಿ" ಅನ್ನಿ, ಸಾಕು. ಅದನ್ನು ಯಾವುದರಿಂದಲೂ ಗುಣಿಸಬೇಕಿಲ್ಲ.

ಇಂತಿ,
ಕೂಗಿ ಕೂಗಿ ಗಂಟಲು ಕಟ್ಟಿದ
ಕೆಳದಂಡೆಯ ಟೈಲರ್