ನಿನ್ನ ಮನೆಯ ಕಡೆಯ ಗಾಜು

ಬೆಲ್ಪರ್, ಡರ್ಬಿಶೈರ್
೧೬ ಮಾರ್ಚ್ ೨೦೧೪, ಭಾನುವಾರ

ಪ್ರೀತಿಯ ಬೆರಿಲ್,

ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ಮಾರ್ಚ್ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ. ಮೊದಲು ಬಯ್ದುಬಿಡು, ಆಮೇಲೆ ಓದು. ಡೆಸ್‌ನ ಮಂಡಿ ನೋವು, ನನ್ನ ಶೀತ, ಚರ್ಚಿನ ಕೇಕ್ ಮಾರಾಟ ಎಂದು ಏನಾದರೂ ನೆಪ ಹೇಳಬಹುದಿತ್ತು. ಅವ್ಯಾವೂ ಕಾರಣವಲ್ಲ. ಮೂರು ಸಲ ಕಾಗದ ಹಿಡಿದು ಕೂತೆ, ಮೂರು ಸಲವೂ 'ಪ್ರೀತಿಯ ಬೆರಿಲ್' ಎಂದು ಬರೆದು ಎದ್ದುಹೋದೆ. ಯಾಕೆಂದು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ತಾಳ್ಮೆ ಇರಲಿ. ನಿನಗೆ ತಾಳ್ಮೆ ಕಡಿಮೆ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಮುರಿದ ಸೊಂಟ ಹೇಗಿದೆ? ನೀನು ಊರುಗೋಲು ಹಿಡಿದು ಬೀದಿಯ ತುದಿಯವರೆಗೆ ಹೋಗಿ ಬರುತ್ತೀಯೆಂದು ನಿನ್ನ ಮಗ ಏಡ್ರಿಯನ್ ಹೇಳಿದ. ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿಗೆ, "ಮೊದಲು ನೀನು ಬೆನ್ನು ನೆಟ್ಟಗೆ ಮಾಡಿ ನಿಂತ್ಕೊಳಮ್ಮ" ಎಂದೆಯಂತೆ. ಕೇಳಿ ನನಗೆ ಸಮಾಧಾನವಾಯಿತು. ಮಗನೂರು ನಾರಿಚ್‌ನ ಗಾಳಿ ನಿನ್ನನ್ನು ಮೆತ್ತಗೆ ಮಾಡಿಲ್ಲ.

ಈಗ ಕಾರ್ಡಿನ ತುದಿಯಲ್ಲಿ ಇಷ್ಟೇ ಇಷ್ಟು ಅಕ್ಷರದಲ್ಲಿ ನೀನು ಕೇಳಿದ್ದಕ್ಕೆ ಬರುತ್ತೇನೆ. "ಫಿಲಿಪ್ಪಾ ಮನೆ ಹಿಂದೆ ಗಾಜಿನ ಕೋಣೆ ಕಟ್ಟಿಸಬೇಕು ಅಂತಿದ್ದಾಳೆ. ನಿನ್ನ ಹತ್ತಿರ ಒಂದಿದೆಯಲ್ಲ. ಒಳ್ಳೇದೇನು ಕೆಟ್ಟದ್ದೇನು ಬರೆದು ಕಳಿಸು." ಬರೆಯುತ್ತೇನೆ. ನಿನ್ನ ಸೊಸೆಗೆ ಓದಿ ಹೇಳು. ಆದರೆ ಸಹಿಯ ಕೆಳಗೆ ಇರುವುದನ್ನು ಅವಳಿಗೆ ಓದಬೇಡ, ಅದು ನಿನಗೆ ಮಾತ್ರ.

ಮೊದಲು ಹೇಳಬೇಕಾದದ್ದು, ಅದು ವರ್ಷಕ್ಕೆ ಸುಮಾರು ಆರು ವಾರದ ಕೋಣೆ. ಮೇ ತಿಂಗಳಲ್ಲಿ ಮೂರು ವಾರ, ಸೆಪ್ಟೆಂಬರಿನಲ್ಲಿ ಮೂರು ವಾರ ಸ್ವರ್ಗ. ಜುಲೈಯಲ್ಲಿ ಅದು ಒಲೆ. ಮೇಜಿನ ಮೇಲಿಟ್ಟ ಮೇಣದ ಬತ್ತಿ ಸೊಂಟ ಬಗ್ಗಿಸಿ ನಮಗೆ ನಮಸ್ಕಾರ ಹಾಕಿತು. ಡೆಸ್ ಪತ್ರಿಕೆ ಅರ್ಧ ಮುಖಕ್ಕೆ ಮುಚ್ಚಿಕೊಂಡು ನಿದ್ದೆ ಹೋಗಿ, ಇನ್ನರ್ಧ ಮುಖವನ್ನು ಬೇಯಿಸಿದ ಹಂದಿಮಾಂಸದ ಬಣ್ಣಕ್ಕೆ ತಿರುಗಿಸಿಕೊಂಡು ಎದ್ದ. ಜನವರಿಯಲ್ಲಿ ಅದೇ ಕೋಣೆಯಲ್ಲಿ ನಾವಿಬ್ಬರೂ ಓವರ್‌ಕೋಟು, ಉಣ್ಣೆ ಟೋಪಿ, ತೊಡೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಚಹಾ ಕುಡಿಯುತ್ತೇವೆ. ಉಸಿರು ಬಿಟ್ಟರೆ ಹೊಗೆ. ಒಳಗೆ ಬೆಚ್ಚಗಿನ ಅಡುಗೆಮನೆ ಖಾಲಿ ಇರುತ್ತದೆ. "ಕಟ್ಟಿಸಿದ್ದೀವಲ್ಲ, ಕೂರದೆ ಇನ್ನೇನು ಮಾಡೋದು?" ಎನ್ನುತ್ತಾನೆ ಡೆಸ್. ಮೂವತ್ತು ವರ್ಷ ಬಸ್ಸು ಓಡಿಸಿದವನು, ಹತ್ತಿದ ಮೇಲೆ ಕೊನೆಯ ನಿಲ್ದಾಣದವರೆಗೂ ಇಳಿಯುವವನಲ್ಲ.

ಟೊಮ್ಯಾಟೊ ಬೆಳೆಯಬಹುದು ಎಂದು ಎಲ್ಲರೂ ಹೇಳುತ್ತಾರೆ. ಬೆಳೆಯಬಹುದು. ಕಳೆದ ವರ್ಷ ಹನ್ನೊಂದು ಬಂದವು. ಚಾವಣಿಯ ಮೇಲೆ ಪಾರಿವಾಳ ನಡೆದರೆ ಅದರ ಅಂಗಾಲು ಕಾಣುತ್ತದೆ. ಮೊದಲ ದಿನ ಖುಷಿ, ಎರಡನೇ ದಿನದಿಂದ ಅವು ಬೇರೆ ಏನೇನು ಮಾಡುತ್ತವೆ ಎನ್ನುವುದೂ ಕಾಣುತ್ತದೆ. ಕಣಜದ ಹುಳ ಒಳಗೆ ಬರುವ ದಾರಿ ಬಲ್ಲದು, ಹೋಗುವ ದಾರಿ ಅದಕ್ಕೆ ಗೊತ್ತಿಲ್ಲ. ಬೆತ್ತದ ಕುರ್ಚಿ ಕೂತರೆ ನರಳುತ್ತದೆ, ಎದ್ದರೂ ನರಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮಳೆ. ಫಿಲಿಪ್ಪಾಗೆ ಇದನ್ನು ಒತ್ತಿ ಹೇಳು. ನಮ್ಮದು ಪ್ಲಾಸ್ಟಿಕ್ ಹಾಳೆಯ ಚಾವಣಿ. ಒಂದು ಜಡಿ ಮಳೆ ಬಂದರೆ ರೇಡಿಯೋ ಕೇಳುವುದಿಲ್ಲ, ಎದುರಿಗೆ ಕೂತ ಗಂಡನ ಮಾತೂ ಕೇಳುವುದಿಲ್ಲ. ಎರಡನೆಯದನ್ನು ಒಳ್ಳೆಯದರ ಪಟ್ಟಿಗೆ ಸೇರಿಸಬಹುದು.

ನಿಜವಾಗಿ ಒಳ್ಳೆಯದೆಂದರೆ ಬೆಳಕು. ಫೆಬ್ರವರಿಯ ಮಧ್ಯಾಹ್ನ ಒಂದು ಗಂಟೆ ಬಿಸಿಲು ಬಿದ್ದರೂ ಎಲ್ಲವೂ ಒಳಗೆ ಬರುತ್ತದೆ. ಇನ್ನೊಂದು ನಿನ್ನ ಜಿರೇನಿಯಂ. ಕೋಪ ಮಾಡಿಕೊಳ್ಳಬೇಡ, ನವೆಂಬರಿನ ಮಂಜಿಗೆ ಅವು ಸತ್ತಾವೆಂದು ಏಡ್ರಿಯನ್‌ನನ್ನು ಕೇಳಿ ಏಳು ಕುಂಡಗಳನ್ನೂ ಎತ್ತಿ ತಂದಿಟ್ಟುಕೊಂಡೆ. ಎಲ್ಲವೂ ಬದುಕಿವೆ, ಎರಡು ಹೂ ಬಿಟ್ಟಿವೆ. ದಿನಾ ನೀರು ಹಾಕುವಾಗ ನಿನ್ನ ಹೆಸರು ಹಿಡಿದು ಮಾತಾಡಿಸುತ್ತೇನೆ. ನಿನ್ನ ಹಾಗೆ ಅವು ನನ್ನ ಮಾತಿಗೆ ಅಡ್ಡ ಬಾಯಿ ಹಾಕುವುದಿಲ್ಲ, ಅದರಿಂದ ಅಷ್ಟು ರುಚಿಯಿಲ್ಲ.

ಇನ್ನು ಕೆಟ್ಟದ್ದರಲ್ಲಿ ಕೆಟ್ಟದ್ದು. ನಮ್ಮ ಗಾಜಿನ ಕೋಣೆ ನಿಂತಿರುವ ಜಾಗ ಯಾವುದು ಹೇಳು? ನಮ್ಮಿಬ್ಬರ ಬೇಲಿಯ ಪಕ್ಕ. ನಾವು ಚಹಾ ಲೋಟ ಇಟ್ಟುಕೊಳ್ಳಲೆಂದು ಡೆಸ್ ಹಲಗೆಯೊಂದನ್ನು ಅಡ್ಡಲಾಗಿ ಹೊಡೆದುಕೊಟ್ಟಿದ್ದ ಆ ಬೇಲಿ. ಮೂವತ್ತೊಂದು ವರ್ಷ, ಬೆಳಿಗ್ಗೆ ಹನ್ನೊಂದಕ್ಕೆ ನಾನೊಂದು ಕಡೆ, ನೀನೊಂದು ಕಡೆ. ನಿನ್ನ ಗಂಡ ತೀರಿಕೊಂಡ ವಾರ ನೀನು ಯಾರ ಮನೆಗೂ ಬರಲಿಲ್ಲ, ಯಾರನ್ನೂ ಒಳಗೆ ಕರೆಯಲಿಲ್ಲ, ಆದರೆ ಹನ್ನೊಂದಕ್ಕೆ ಬೇಲಿಗೆ ಬಂದೆ. ನನ್ನ ಗರ್ಭಕೋಶ ತೆಗೆದ ಮೇಲೆ ನಾನು ಅತ್ತಿದ್ದು ಆ ಹಲಗೆಯ ಮೇಲೆ ಮೊಣಕೈ ಊರಿಕೊಂಡೇ. ಕೋಣೆಗೆ ಜಾಗ ಮಾಡಲು ಅಷ್ಟುದ್ದ ಬೇಲಿಯನ್ನು ಆ ಹಲಗೆ ಸಮೇತ ತೆಗೆದಾಗ ನನಗೆ ಏನೂ ಅನ್ನಿಸಲಿಲ್ಲ ಎಂದರೆ ನಂಬುತ್ತೀಯಾ? ಇನ್ನು ಮಳೆಯಲ್ಲಿ ನೆನೆಯುವುದು ತಪ್ಪಿತು, ಬೆರಿಲ್ ಒಳಗೇ ಬಂದು ಕೂರುತ್ತಾಳೆ ಎಂದುಕೊಂಡಿದ್ದೆ. ಅದನ್ನು ನಿನಗೆ ಬಾಯಿಬಿಟ್ಟು ಹೇಳಲಿಲ್ಲ. ನಿನಗೂ ಗೊತ್ತಿರುತ್ತದೆ ಎಂದುಕೊಂಡೆ.

ಆಮೇಲೆ ಗಾಜು. ಕೋಣೆ ಕಟ್ಟಿದ ಟ್ರಾಂಟರ್ ಅಳತೆ ಹಿಡಿಯುತ್ತಾ, "ನೆರೆಯವರ ಕಡೆ ಮಬ್ಬು ಗಾಜು ಹಾಕಿಸಿಬಿಡಿ ಮೇಡಂ, ಬಚ್ಚಲು ಕಿಟಕಿಗೆ ಹಾಕ್ತಾರಲ್ಲ ಅಂಥದ್ದು. ಅದೇ ಮರ್ಯಾದೆ" ಎಂದ. ಡೆಸ್ ಕೂಡ, "ಹೌದು, ಪಾಪ, ನಾವಿಲ್ಲಿ ಕೂತ್ಕೊಂಡು ಅವಳು ಒಳಲಂಗ ಒಣಹಾಕೋದನ್ನ ನೋಡ್ತಿದ್ರೆ ಬೆರಿಲ್‌ಗೆ ಮುಜುಗರ ಆಗಲ್ವಾ?" ಎಂದ. ನಿನಗೆ ಮುಜುಗರವಾಗಬಾರದೆಂದು ನಾನೂ ಹೂಂ ಎಂದೆ. ಕೆಲಸ ಮುಗಿದ ದಿನ ನೀನು ನಿನ್ನ ಹಿಂದಿನ ಮೆಟ್ಟಿಲ ಮೇಲೆ ನಿಂತು ಆ ಗಾಜನ್ನು ಒಂದು ಕ್ಷಣ ನೋಡಿ, "ತುಂಬಾ ಚೆನ್ನಾಗಿದೆ, ನೊರೀನ್" ಎಂದೆ.

ನಿನ್ನ 'ತುಂಬಾ ಚೆನ್ನಾಗಿದೆ' ನನಗೆ ಗೊತ್ತಿರದ್ದೇ? ಏಡ್ರಿಯನ್ ಮೊದಲ ಸಲ ಗಡ್ಡ ಬಿಟ್ಟಾಗಲೂ ನೀನು ಅದನ್ನೇ ಹೇಳಿದ್ದೆ. ಆದರೂ ನಾನು, "ಥ್ಯಾಂಕ್ಯೂ ಕಣೇ" ಎಂದು ಒಳಗೆ ಬಂದೆ. ಮರುದಿನ ಹನ್ನೊಂದಕ್ಕೆ ಎರಡು ಲೋಟ ಇಟ್ಟುಕೊಂಡು ಕಾದೆ. ನೀನು ಬರಲಿಲ್ಲ. ಕರೆದರೆ ಬರುತ್ತೇನೆಂದು ನೀನು, ಬೇಕಿದ್ದರೆ ಬರುತ್ತಾಳೆಂದು ನಾನು. ನೀನು ಬಟ್ಟೆ ಹಗ್ಗವನ್ನು ಆ ಕಡೆಗೆ ಕಟ್ಟಿಸಿಕೊಂಡೆ. ಒಂದೂವರೆ ವರ್ಷ ನಮ್ಮ ನಡುವೆ ಉಳಿದದ್ದು ಗುರುವಾರ ಕಸದ ಡಬ್ಬಿ ಎಳೆಯುವಾಗಿನ ಗುಡ್ ಮಾರ್ನಿಂಗ್. ಆ ಮಬ್ಬು ಗಾಜಿನಲ್ಲಿ ಆಕಾರ ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ನೀಲಿ ಹೋದರೆ ನಿನ್ನ ಏಪ್ರನ್, ಕೆಂಪು ಹೋದರೆ ನಾನು ಹೆಣೆದುಕೊಟ್ಟ ಸ್ವೆಟರ್. ಬೆರಿಲ್ ಇವತ್ತು ಕೆಂಪು ಹಾಕಿದ್ದಾಳೆ ಎಂದು ಡೆಸ್‌ಗೆ ಹೇಳುವಷ್ಟೇ ನನಗೆ ನಿನ್ನ ಸುದ್ದಿ.

ಜನವರಿಯಲ್ಲಿ ಫಿಲಿಪ್ಪಾ ಫೋನ್ ಮಾಡಿದ್ದಳು, ಕೋಣೆಯ ಅಳತೆ ಕೇಳಲು. ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಮಾತಿನ ನಡುವೆ, "ನಾವು ಮಬ್ಬು ಗಾಜು ಹಾಕಿಸಲ್ಲ ಆಂಟಿ. ನೀವು ಅವರ ಮುಖ ನೋಡೋದು ಬೇಡ ಅಂತ ಅದನ್ನ ಹಾಕಿಸಿದ್ರಿ ಅಂತ ಅತ್ತೆ ಇವತ್ತಿಗೂ ನೊಂದ್ಕೋತಾರೆ" ಎಂದುಬಿಟ್ಟಳು. ಅಳತೆ ಹೇಳಿ ಫೋನ್ ಇಟ್ಟೆ. ಡೆಸ್ ಬಂದು, "ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದ, ನನ್ನ ಮುಖ ಹಾಗಿತ್ತಂತೆ.

ನಿನ್ನ ಮುಖ ನೋಡುವುದು ಬೇಡ ಎಂದು! ಅಯ್ಯೋ ದಡ್ಡಿ, ಒಂದು ಮಾತು ಕೇಳಬಾರದಿತ್ತಾ? ನಾನೂ ದಡ್ಡಿಯೇ, ಒಂದು ಮಾತು ಹೇಳಬಾರದಿತ್ತಾ?

ಕಳೆದ ಗುರುವಾರ ಟ್ರಾಂಟರ್‌ನನ್ನು ಕರೆಸಿ ನಿನ್ನ ಕಡೆಯ ನಾಲ್ಕೂ ಗಾಜು ತೆಗೆಸಿದೆ, ತಿಳಿಗಾಜು ಹಾಕಿಸಿದೆ. ಮಧ್ಯದ್ದು ಕಿಟಕಿಯಂತೆ ತೆರೆಯುತ್ತದೆ, ಕೆಳಗೆ ಲೋಟ ಇಡುವಷ್ಟು ಅಗಲದ ಹಲಗೆಯಿದೆ. "ಈಗ ಯಾಕ್ರೀ ಮೇಡಂ? ಆ ಮನೇಲಿ ಯಾರೂ ಇಲ್ವಲ್ಲ" ಎಂದ ಅವನು. ಡೆಸ್ ಅವನ ಭುಜ ತಟ್ಟಿ, "ಹಾಕಪ್ಪಾ ನೀನು, ಪ್ರಶ್ನೆ ಕೇಳ್ಬೇಡ. ನಾನು ನಲವತ್ತಾರು ವರ್ಷದಿಂದ ಕೇಳಿಲ್ಲ" ಎಂದ.

ಹಾಗಾಗಿ ಫಿಲಿಪ್ಪಾಗೆ ನನ್ನ ಸಲಹೆ ಇಷ್ಟು. ಕಟ್ಟಿಸಲಿ. ಚಾವಣಿ ಗಟ್ಟಿಯದಾಗಿರಲಿ, ಮಳೆಯಲ್ಲೂ ಮಾತು ಕೇಳಬೇಕು. ನೆರೆಯವರ ಕಡೆ ತಿಳಿಗಾಜು ಹಾಕಿಸಲಿ. ಅದಕ್ಕೂ ಮೊದಲು ಹೋಗಿ ನೆರೆಯವರನ್ನು ಕೇಳಲಿ.

ಏಡ್ರಿಯನ್ ನಿನ್ನ ಮನೆಯನ್ನು ಮಾರಾಟಕ್ಕಿಡುತ್ತಾನಂತೆ. ಮೆಟ್ಟಿಲು ಹತ್ತಲು ನಿನಗೆ ಆಗುವುದಿಲ್ಲ, ಅವನು ಹೇಳುವುದು ಸರಿಯೇ. ಆದರೂ ಜೂನ್‌ನಲ್ಲಿ ಒಂದು ವಾರ ಬಂದು ನಮ್ಮಲ್ಲಿರು. ನಮ್ಮ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಾಕಿಸುತ್ತೇನೆ. ಈ ಪತ್ರ ಪೂರ್ತಿ ಓದಿದ ಮೇಲೂ ಬರಬೇಕೆನಿಸಿದರೆ ಬಾ.

ನಿನ್ನ ಸೊಂಟ ಬೇಗ ಗಟ್ಟಿಯಾಗಲಿ, ನಾಲಿಗೆ ಹೇಗಿದೆಯೋ ಹಾಗೇ ಇರಲಿ. ಮಗ ಸೊಸೆಗೆ ನಮ್ಮಿಬ್ಬರ ಪ್ರೀತಿ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ಎಂದೆಂದೂ ನಿನ್ನ,
ನೊರೀನ್

ಮರೆತದ್ದಲ್ಲ, ಕೊನೆಗೆಂದು ಇಟ್ಟದ್ದು:

ಅಕ್ಟೋಬರಿನ ಆ ಮಂಗಳವಾರ ನಾನು ಸಂತೆಗೆ ಹೋಗಿರಲಿಲ್ಲ. ಡೆಸ್‌ನ ಮಂಡಿ ಊದಿತ್ತು, ಮನೆಯಲ್ಲೇ ಇದ್ದೆ. ಹನ್ನೊಂದು ಗಂಟೆಗೆ ಲೋಟ ಹಿಡಿದು ಗಾಜಿನ ಕೋಣೆಯಲ್ಲಿ ಕೂತಿದ್ದೆ. ನಿನ್ನ ಹಿಂದಿನ ಮೆಟ್ಟಿಲ ಹತ್ತಿರ, ನೆಲದ ಮಟ್ಟದಲ್ಲಿ, ಆ ಕೆಂಪು ಕಂಡಿತು. ಜಿರೇನಿಯಂ ಕುಂಡಗಳಲ್ಲಿ ಕಳೆ ಕೀಳುತ್ತಿದ್ದಾಳೆ ಎಂದುಕೊಂಡೆ. ಗಾಜು ತಟ್ಟೋಣ ಎಂದು ಎದ್ದೆ ಕೂಡ. ಆಮೇಲೆ, ಬೇಕಿದ್ದರೆ ಅವಳೇ ಕರೆಯುತ್ತಾಳೆ ಎಂದು ಕೂತೆ. ಮಳೆ ಶುರುವಾಯಿತು. ಚಾವಣಿಯ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ. ಕೆಂಪು ಅಲ್ಲಾಡಲಿಲ್ಲ. ಮಳೆ ಬಂದರೂ ಒಳಗೆ ಹೋಗಲ್ಲ, ಹಟಮಾರಿ ಎಂದುಕೊಂಡು, ಡೆಸ್‌ಗೆ ಸೂಪು ಬಿಸಿ ಮಾಡಲು ಒಳಗೆ ಹೋದೆ. ಎರಡು ಗಂಟೆಗೆ ಅಂಚೆಯವನು ಪಾರ್ಸೆಲ್ ಹಿಡಿದು ನಿನ್ನ ಹಿಂದಿನ ಬಾಗಿಲಿಗೆ ಬರುವವರೆಗೂ ನೀನು ಅಲ್ಲೇ ಬಿದ್ದಿದ್ದೆ.

ಆಸ್ಪತ್ರೆಯಲ್ಲಿ ನೀನು ನರ್ಸ್‌ಗೆ ನನ್ನನ್ನು ತೋರಿಸಿ, "ಇವಳು ಅವತ್ತು ಸಂತೆಗೆ ಹೋಗಿದ್ಲು. ಇಲ್ದಿದ್ರೆ ಮೊದಲನೇ ಕೂಗಿಗೇ ಓಡಿ ಬರ್ತಿದ್ಲು" ಎಂದೆ. ಅಷ್ಟೆಲ್ಲ ಮುನಿಸಿದ್ದರೂ ಹಾಗೆಂದೆ. ನಾನು ನಿನ್ನ ಕೈ ಹಿಡಿದುಕೊಂಡು ಹೌದು ಎಂದೆ.

ಬೆರಿಲ್, ಈಗ ಗಾಜಿನಾಚೆ ನಿನ್ನ ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತದೆ. ನಾನು ಕೂತಲ್ಲಿಂದ ನಾಲ್ಕು ಹೆಜ್ಜೆ.

ಉತ್ತರ ಬರೆ. 'ಪರವಾಗಿಲ್ಲ ನೊರೀನ್' ಎಂದು ಮಾತ್ರ ಬರೆಯಬೇಡ. ಬಯ್ದು ಬರೆ.