ಕತ್ತಲಾದ ಮೇಲೆ ಕೂಗಿದ ಹೆಸರು

ಆಗಸ್ಟ್ ೨೮, ಗುರುವಾರ. ಸತ್ತವರು ಊರೊಳಗೆ ಅಲೆಯುವ ಪ್ರೇತಗಳ ತಿಂಗಳು.

ನಮ್ಮ ದ್ವೀಪದಿಂದ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ರಾತ್ರಿ ದೋಣಿ ಬಜೆಟ್ಟಿನಿಂದ ಹೋಯಿತು. ಆ ದುಡ್ಡೆಲ್ಲ ಬಂದರಿನಲ್ಲಿ ನಿಲ್ಲಲಿರುವ, ದೀಪಗಳಿಂದ ಹೊಳೆಯುವ ದೈತ್ಯ ಬೊಂಡಾಸ್ (ಸ್ಕ್ವಿಡ್) ಮೀನಿನ ಪ್ರತಿಮೆಗೆ. ಪ್ರವಾಸಿಗರು ಬರುತ್ತಾರಂತೆ. ಅವರಿಗೆ ಎದೆನೋವು ಬಂದರೆ ಆ ಮೀನೇ ಹೊತ್ತುಕೊಂಡು ಈಜುತ್ತದೇನೋ!

ಪರಿಷತ್ತಿನ ಗ್ಯಾಲರಿಯಲ್ಲಿ ನಾನೂ ಪಕ್ಕದ ಮನೆಯ ಲಿಯೆನ್ ಅಕ್ಕನೂ ಬಾಯಿ ಮುಚ್ಚಿಕೊಂಡು ಕೂತಿದ್ದೆವು. ಅಲ್ಲಿ ನಾವು ಮಾತಾಡುವಂತಿಲ್ಲ. ಚರ್ಚೆ ಎಳೆದೂ ಎಳೆದೂ ಕತ್ತಲಾಯಿತು. ಅಧ್ಯಕ್ಷ ಕೋ ಒಬ್ಬೊಬ್ಬ ಸದಸ್ಯರ ಹೆಸರು ಕೂಗಿ ಮತ ಕೇಳತೊಡಗಿದಾಗ ಅಕ್ಕ ನನ್ನ ತೊಡೆ ಚಿವುಟಿದಳು.

"ಈ ತಿಂಗಳು ಕತ್ತಲಾದ್ಮೇಲೆ ಯಾರಾದ್ರೂ ಪೂರ್ತಿ ಹೆಸರು ಕೂಗ್ತಾರೇನೇ? ಬುದ್ಧಿ ನೆಟ್ಟಗಿದ್ಯಾ ಇವನಿಗೆ?"

ಒಬ್ಬೊಬ್ಬರೂ "ಒಪ್ಪಿಗೆ" ಅಂದರು. ಅಭ್ಯಾಸಬಲದಿಂದ ಕೋ ಕೂಗಿಬಿಟ್ಟ: "ಛುವಾ ಬೀ-ಹೋಂಗ್." ಹೋದ ತಿಂಗಳು ತೀರಿಕೊಂಡ ನಮ್ಮ ದ್ವೀಪದ ಸದಸ್ಯೆ. ಹೋರಾಡಿ ಆ ದೋಣಿ ತರಿಸಿದವಳು.

ಖಾಲಿ ಕುರ್ಚಿಯಿಂದ ಸ್ಪಷ್ಟವಾಗಿ ಕೇಳಿಸಿತು: "ವಿರೋಧ."

ಯಾರೂ ಅತ್ತ ತಿರುಗಲಿಲ್ಲ. ಅಧ್ಯಕ್ಷನ ಮುಖ ಬಿಳುಚಿಕೊಂಡಿತು. ಆದರೂ ಸುತ್ತಿಗೆ ಬಡಿದ.

"ಬಹುಮತ ಇದೆ. ಪಾಸಾಯ್ತು."

ಸತ್ತವಳು ಎದ್ದುಬಂದು ಹೇಳಿದರೂ ಇವರಿಗೆ ಮೀನೇ ಬೇಕು. ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಕೊನೆಯ ಹಡಗಿನಲ್ಲಿ ಮನೆಗೆ ಬಂದು ಬಾಗಿಲು ಭದ್ರಪಡಿಸಿದ್ದೇನೆ. ಹೊರಗೆ ಯಾರೋ ನನ್ನ ಪೂರ್ತಿ ಹೆಸರು ಕೂಗುತ್ತಿದ್ದಾರೆ. ಹೆಂಗಸಿನ ದನಿ. ಕೂಗುತ್ತದೆ, ಮತ ಕೇಳುವ ಹಾಗೆ ಕಾಯುತ್ತದೆ. ಓಗೊಡಬಾರದು, ಓಗೊಟ್ಟವರನ್ನು ಪ್ರೇತ ಕರೆದೊಯ್ಯುತ್ತದೆ, ಗೊತ್ತು. ಅಕ್ಕನಿಗೂ ಮಾತು ಕೊಟ್ಟಿದ್ದೇನೆ. ಆದರೆ ಈ ಬಜೆಟ್ಟಿನ ಬಗ್ಗೆ ನನ್ನನ್ನು ಹೆಸರು ಹಿಡಿದು ಕೇಳಿದವಳು ಇವಳೊಬ್ಬಳೇ. ಉತ್ತರ ನಾಲಿಗೆಯ ತುದಿಗೆ ಬಂದು ಕೂತಿದೆ, ವಿರೋ